ಬಳಸಿದ ವರ್ಕ್‌ಸ್ಟೇಷನ್ ಯಾರಿಗೆ, ಹೊಸ ಆಲ್-ಇನ್-ಒನ್ ಯಾರಿಗೆ?

ಹಾವೇರಿ ಜಿಲ್ಲೆಯ ರೈತ ಬಾಂಧವರಿಗೆ ಗಣಕಯಂತ್ರ ಹೊಸದೇನೂ ಅಲ್ಲ. ‘ಭೂಮಿ’ ಯೋಜನೆಯಲ್ಲಿ ಉತಾರಗಳು ಗಣಕಯಂತ್ರದಿಂದ ಹೊರಬರತೊಡಗಿ ಇಪ್ಪತ್ತು ವರ್ಷಗಳ ಮೇಲಾಯಿತು. ಆದರೆ ಬಹುಕಾಲ ಅದು ತಾಲೂಕು ಕಚೇರಿಯ, ಬ್ಯಾಂಕಿನ, ಮಾರುಕಟ್ಟೆ ಸಮಿತಿಯ ಯಂತ್ರವಾಗಿತ್ತು. ಕಿಟಕಿಯ ಈಚೆ ನಿಂತು ಕಾಯುವುದಷ್ಟೇ ನಮ್ಮ ಪಾಲಿಗಿತ್ತು. ಈಗ ರೈತ ಉತ್ಪಾದಕರ ಕಂಪನಿಗಳು, ಬೀಜೋತ್ಪಾದಕರ ಗುಂಪುಗಳು, ಹಾಲಿನ ಸಂಘಗಳು ತಮ್ಮದೇ ಯಂತ್ರ ಕೊಳ್ಳುತ್ತಿವೆ. ಓದುವ ಮಕ್ಕಳಿರುವ ಮನೆಗಳಲ್ಲಿಯೂ ಈ ಮಾತು ಬಂದಿದೆ.

ಕೊಳ್ಳಲು ಹೊರಟವರಿಗೆ ಸಾಮಾನ್ಯವಾಗಿ ಎರಡು ಬಗೆಯ ಸಲಹೆ ದೊರೆಯುತ್ತದೆ. ಬೆಂಗಳೂರಿನ ದೊಡ್ಡ ಕಂಪನಿ ಬಳಸಿ ಬಿಟ್ಟ ವರ್ಕ್‌ಸ್ಟೇಷನ್ ತೆಗೆದುಕೊಳ್ಳಿ, ಹೊಸದಿದ್ದಾಗ ಲಕ್ಷದ ಮೇಲೆ ಬೆಲೆಯಿದ್ದ ಯಂತ್ರ ಈಗ ಅದರ ಒಂದು ಪಾಲಿಗೆ ಸಿಗುತ್ತದೆ ಎನ್ನುವವರು ಕೆಲವರು. ಹಳೆಯದರ ಗೊಡವೆ ಬೇಡ, ಪರದೆಯ ಬೆನ್ನಿಗೇ ಎಲ್ಲ ಭಾಗಗಳೂ ಅಡಕವಾಗಿರುವ ಹೊಸ ‘ಆಲ್-ಇನ್-ಒನ್’ ಕೊಳ್ಳಿ, ಒಂದೇ ತಂತಿ, ಮೇಜೂ ಚೊಕ್ಕಟ ಎನ್ನುವವರು ಉಳಿದವರು. ಕೈಯಲ್ಲಿ ನಲವತ್ತು ಸಾವಿರ ರೂಪಾಯಿ ಹಿಡಿದು ಬಂದವರಿಗೆ ಎರಡೂ ಮಾತು ಸರಿಯೆನಿಸುತ್ತವೆ.

ನಮ್ಮ ಅಭಿಪ್ರಾಯವನ್ನು ಮೊದಲೇ ತಿಳಿಸುವುದು ಒಳ್ಳೆಯದು. ಲೆಕ್ಕಪತ್ರ, ಅರ್ಜಿ, ಟೆಂಡರ್ ಮತ್ತು ಪತ್ರವ್ಯವಹಾರಕ್ಕೆ ಹಳೆಯ ವರ್ಕ್‌ಸ್ಟೇಷನ್ ಬೇಕಿಲ್ಲ. ಡ್ರೋನ್ ಚಿತ್ರಗಳಿಂದ ಹೊಲದ ನಕ್ಷೆ ತಯಾರಿಸುವುದು, ವಿಡಿಯೋ ಸಂಕಲನ, ಎಂಜಿನಿಯರಿಂಗ್ ರೇಖಾಚಿತ್ರ, ಇಂಥ ಭಾರದ ಕೆಲಸಕ್ಕೆ ಆಲ್-ಇನ್-ಒನ್ ಸಾಲುವುದಿಲ್ಲ. ಯಾವುದನ್ನೇ ಕೊಂಡರೂ ಯಂತ್ರದ ಶಕ್ತಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಟೆಂಡರ್ ದಿನ ಬೆಳಿಗ್ಗೆ ಇದು ಚಾಲೂ ಆಗದಿದ್ದರೆ, ಸಂಜೆಯೊಳಗೆ ಯಾರು ರಿಪೇರಿ ಮಾಡಿಕೊಡುತ್ತಾರೆ?

ಎರಡೂ ಯಂತ್ರಗಳ ಹುಟ್ಟು

ವರ್ಕ್‌ಸ್ಟೇಷನ್ ಎಂದರೆ ಕಟ್ಟಡ, ಯಂತ್ರಭಾಗ ಮುಂತಾದವುಗಳ ವಿನ್ಯಾಸ ಮಾಡುವ ಎಂಜಿನಿಯರುಗಳಿಗಾಗಿ ತಯಾರಿಸಿದ, ಸಾಧಾರಣ ಗಣಕಯಂತ್ರಕ್ಕಿಂತ ಗಟ್ಟಿಮುಟ್ಟಾದ ಪೆಟ್ಟಿಗೆ. ಎಚ್.ಪಿ.ಯವರ ಝಡ್ 440, ಡೆಲ್ಲಿನವರ ಪ್ರಿಸಿಷನ್ ಟಿ 5810, ಇವು ಹಳೆಯ ಪೇಟೆಯಲ್ಲಿ ಹೆಚ್ಚಾಗಿ ಕಾಣುವ ಮಾದರಿಗಳು. ಎರಡೂ ಮೊದಲು ಮಾರುಕಟ್ಟೆಗೆ ಬಂದದ್ದು 2014ರಲ್ಲಿ. ಇವುಗಳಲ್ಲಿ ‘ಝಿಯಾನ್’ ಎಂಬ ಪ್ರೊಸೆಸರ್ ಇರುತ್ತದೆ. ಇವುಗಳ ರ‍್ಯಾಮ್ ‘ಇ.ಸಿ.ಸಿ.’ ಜಾತಿಯದು. ಪ್ರತಿ 64 ಬಿಟ್ ಮಾಹಿತಿಯ ಜೊತೆಗೆ 8 ಬಿಟ್ ತಾಳೆಯ ಗುರುತನ್ನು ಇಟ್ಟುಕೊಂಡು, ಒಂದು ಬಿಟ್ ತಪ್ಪಿದರೆ ತಾನೇ ತಿದ್ದಿಕೊಳ್ಳುವ ವ್ಯವಸ್ಥೆ ಇದು. ಚೀಲ ಎಣಿಸುವವನ ಪಕ್ಕದಲ್ಲಿ ತಾಳೆ ನೋಡುವವನೊಬ್ಬ ಕುಳಿತಂತೆ.

ಇಂಥ ಯಂತ್ರಗಳನ್ನು ದೊಡ್ಡ ಕಂಪನಿಗಳು ಮೂರರಿಂದ ಐದು ವರ್ಷ ಬಳಸಿ, ಕೆಟ್ಟಿರದಿದ್ದರೂ ಬದಲಾಯಿಸುತ್ತವೆ. ಆಗ ನೂರಾರು ಯಂತ್ರಗಳು ಒಟ್ಟಿಗೆ ಗುಜರಿ ವ್ಯಾಪಾರಿಗಳ ಕೈಸೇರಿ, ಒರೆಸಿ, ಭಾಗ ಬದಲಿಸಿ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಗಳಿಂದ ಊರೂರಿಗೆ ಬರುತ್ತವೆ. ಬೆಲೆ ಇಳಿಯುವುದಕ್ಕೆ ಇದೇ ಕಾರಣ. ಯಂತ್ರ ಕೆಟ್ಟದ್ದೆಂದು ಇದರಿಂದ ತಿಳಿಯಬೇಕಿಲ್ಲ, ಒಳ್ಳೆಯದೆಂದೂ ತಿಳಿಯಬೇಕಿಲ್ಲ. ದನದ ಸಂತೆಯಲ್ಲಿ ಹಲ್ಲು ನೋಡದೆ ಎತ್ತು ಕೊಳ್ಳುವವರು ಯಾರೂ ಇಲ್ಲ.

ಆಲ್-ಇನ್-ಒನ್ ಹೊರಗಿನಿಂದ ಮೇಜಿನ ಯಂತ್ರವಾದರೂ ಒಳಗೆ ಬಹುಮಟ್ಟಿಗೆ ಲ್ಯಾಪ್‌ಟಾಪು. ಕಡಿಮೆ ಬೆಲೆಯವುಗಳಲ್ಲಿ ಲ್ಯಾಪ್‌ಟಾಪಿನ ಪ್ರೊಸೆಸರ್, ಲ್ಯಾಪ್‌ಟಾಪಿನ ಸಣ್ಣ ರ‍್ಯಾಮ್, ಹೊರಗಿನ ಅಡಾಪ್ಟರ್ ಇರುತ್ತವೆ. ಬ್ಯಾಟರಿ ಮಾತ್ರ ಇರುವುದಿಲ್ಲ. ಅನೇಕರು ಈ ಕೊನೆಯ ಮಾತನ್ನು ಮನೆಗೆ ತಂದ ಮೇಲೆಯೇ ತಿಳಿಯುತ್ತಾರೆ.

ನಿಮ್ಮ ಕೆಲಸ ಎಂಥದು?

ರೈತ ಕಂಪನಿಯ ಕಚೇರಿಯಲ್ಲಿ ದಿನವಿಡೀ ನಡೆಯುವ ಕೆಲಸವನ್ನು ಒಮ್ಮೆ ಬರೆದು ನೋಡಿ. ಉತಾರ ತೆಗೆಯುವುದು, ಫ್ರೂಟ್ಸ್ ಗುರುತಿನ ಸಂಖ್ಯೆ ನೋಡುವುದು, ಬೆಳೆವಿಮೆಯ ಅರ್ಜಿ, ಗೊಬ್ಬರ ಬೀಜದ ದಾಸ್ತಾನು, ಟ್ಯಾಲಿಯಲ್ಲಿ ಲೆಕ್ಕ, ಜಿ.ಎಸ್.ಟಿ. ವಿವರಣೆ, ಸದಸ್ಯರಿಗೆ ನೋಟೀಸು. ಇವುಗಳಲ್ಲಿ ಹೆಚ್ಚಿನವು ಅಂತರಜಾಲದ ಮೂಲಕ ನಡೆಯುತ್ತವೆ. ಭಾರದ ಲೆಕ್ಕಾಚಾರ ನಡೆಯುವುದು ಸರಕಾರದ ಯಂತ್ರದಲ್ಲಿ, ನಿಮ್ಮದರಲ್ಲಿ ಅಲ್ಲ.

ಇಲ್ಲಿ ಎರಡು ಭಾಗಗಳ ವ್ಯತ್ಯಾಸ ತಿಳಿದಿರಲಿ. ರ‍್ಯಾಮ್ ಎಂಬುದು ಕಣವಿದ್ದಂತೆ, ಡಿಸ್ಕ್ ಎಂಬುದು ಹಗೇವಿನಂತೆ. ಹಗೇವಿನಲ್ಲಿ ಎಷ್ಟೇ ಜೋಳವಿದ್ದರೂ ಒಮ್ಮೆಗೆ ತೂರುವುದು ಕಣ ಹಿಡಿಸುವಷ್ಟನ್ನೇ. ಮೇಲೆ ಹೇಳಿದ ಕೆಲಸಗಳಿಗೆ 8 ಜಿ.ಬಿ. ರ‍್ಯಾಮ್ ಸಾಕಾಗುತ್ತದೆ, 16 ಇದ್ದರೆ ಮುಂದಿನ ನಾಲ್ಕೈದು ವರ್ಷ ಚಿಂತೆಯಿಲ್ಲ. ಡಿಸ್ಕು ತಿರುಗುವ ತಟ್ಟೆಯ ಹಳೆಯ ಬಗೆಯದಾಗಿರದೆ ಎಸ್.ಎಸ್.ಡಿ. ಆಗಿರಬೇಕು. ಯಂತ್ರ ನಿಧಾನವೆಂದು ದೂರುವವರಲ್ಲಿ ಅನೇಕರ ತೊಂದರೆ ಈ ಒಂದು ಬದಲಾವಣೆಯಿಂದಲೇ ಹೋಗುತ್ತದೆ. ಹೊಸ ಯಂತ್ರವೇ ಬೇಕಾಗುವುದಿಲ್ಲ.

ಹಳೆಯ ವರ್ಕ್‌ಸ್ಟೇಷನ್ ಮಾರುವವರು ಸಾಮಾನ್ಯವಾಗಿ ‘ಕೋರ್’ಗಳ ಸಂಖ್ಯೆ ಹೇಳುತ್ತಾರೆ: ಎಂಟು ಕೋರ್, ಹನ್ನೆರಡು ಕೋರ್. ಹನ್ನೆರಡು ಜೊತೆ ಎತ್ತು ಇದ್ದರೂ ಕೂರಿಗೆ ಒಂದೇ ಇದ್ದರೆ ಬಿತ್ತನೆ ಒಂದು ಕೂರಿಗೆಯಷ್ಟೇ ಆಗುತ್ತದೆ. ಟ್ಯಾಲಿಯಲ್ಲಿ ಒಂದು ಚೀಟಿ ನಮೂದಿಸುವುದು, ಒಂದು ಜಾಲಪುಟ ತೆರೆಯುವುದು ಬಹುಮಟ್ಟಿಗೆ ಒಂದೇ ಕೂರಿಗೆಯ ಕೆಲಸ. ಅಲ್ಲಿ ಪ್ರತಿಯೊಂದು ಕೋರಿನ ವೇಗವೇ ಮುಖ್ಯ. 2014ರ ಝಿಯಾನಿಗಿಂತ ಈಚಿನ ಇಂಟೆಲ್ ಕೋರ್ ಐ3 ಅಥವಾ ಐ5 ಈ ವಿಷಯದಲ್ಲಿ ಮುಂದಿದೆ. ಆದರೆ ಆಲ್-ಇನ್-ಒನ್‌ಗಳಲ್ಲೆಲ್ಲ ಐ3, ಐ5 ಇರುತ್ತದೆಂದು ತಿಳಿಯಬೇಡಿ. ಅತಿ ಅಗ್ಗದವುಗಳಲ್ಲಿ ಹಗುರ ಕೆಲಸಕ್ಕೆಂದೇ ಮಾಡಿದ ಸಣ್ಣ ಪ್ರೊಸೆಸರ್ ಇರುತ್ತದೆ. ಪೆಟ್ಟಿಗೆಯ ಮೇಲಿನ ಹೆಸರನ್ನು ಬರೆದುಕೊಂಡು ಬಂದು, ತಿಳಿದವರನ್ನು ಕೇಳಿ ಆಮೇಲೆ ಹಣ ಕೊಡುವುದು ಸೂಕ್ತ.

ಡ್ರೋನಿನ ಕೆಲಸ ಬೇರೆ. ಹೊಲದ ಮೇಲೆ ಹಾರಿಸಿ ತೆಗೆದ ನೂರಾರು ಚಿತ್ರಗಳನ್ನು ಹೊಲಿದು ಒಂದೇ ನಕ್ಷೆ ಮಾಡುವಾಗ ಎಲ್ಲ ಕೋರ್‌ಗಳಿಗೂ ಕೆಲಸ ಸಿಗುತ್ತದೆ, ಕಣವೂ ದೊಡ್ಡದು ಬೇಕಾಗುತ್ತದೆ. ಓಪನ್‌ಡ್ರೋನ್‌ಮ್ಯಾಪ್ ಎಂಬ ಉಚಿತ ತಂತ್ರಾಂಶದಲ್ಲಿ ಸುಮಾರು 250 ಚಿತ್ರಗಳಿಗೆ 16 ಜಿ.ಬಿ., 500ಕ್ಕೆ 32 ಜಿ.ಬಿ. ರ‍್ಯಾಮ್ ಬೇಕೆಂದು ಅಂದಾಜು ಹಿಡಿಯಬಹುದು. ಇಷ್ಟು ರ‍್ಯಾಮ್ ಇರುವ ಹೊಸ ಯಂತ್ರ ದುಬಾರಿ. ಝಡ್ 440ರಲ್ಲಿ ರ‍್ಯಾಮ್ ಹಾಕಲು 8 ಗುಂಡಿಗಳಿವೆ. ಅದಕ್ಕೆ ಹೊಂದುವ ಹಳೆಯ ಇ.ಸಿ.ಸಿ. ರ‍್ಯಾಮ್ ಸಾಧಾರಣ ಯಂತ್ರಕ್ಕೆ ಕೂಡುವುದಿಲ್ಲವಾದ್ದರಿಂದ ಅದಕ್ಕೆ ಗಿರಾಕಿ ಕಡಿಮೆ, ಬೆಲೆಯೂ ಕಡಿಮೆ. ಹಳ್ಳಿಗಳಲ್ಲಿ ಡ್ರೋನ್ ಸೇವೆ ಕೊಡಲು ಹೊರಟಿರುವ ಯುವಕರು, ಕೃಷಿ ಎಂಜಿನಿಯರಿಂಗ್ ಓದುವ ವಿದ್ಯಾರ್ಥಿಗಳು ಬಳಸಿದ ವರ್ಕ್‌ಸ್ಟೇಷನ್ ನೋಡುವುದು ಯುಕ್ತವೇ.

ವಿಂಡೋಸ್ ತೊಡಕು

ಇದು ಎಲ್ಲಕ್ಕಿಂತ ಹೆಚ್ಚು ಗಮನ ಕೊಡತಕ್ಕ ವಿಷಯ. ಮಾರುವವರು ಇದನ್ನು ಹೇಳುವುದೇ ಇಲ್ಲ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಯಂತ್ರ ಅಂದೇ ನಿಂತುಹೋಗಲಿಲ್ಲ, ನಿಜ. ಹೊಸದಾಗಿ ಕಂಡುಬರುವ ರಂಧ್ರಗಳನ್ನು ಮುಚ್ಚುವ ಕೆಲಸ ಮಾತ್ರ ನಿಂತಿತು. ಬೇಲಿ ಇದೆ, ಹರಿದ ಕಡೆ ಕಟ್ಟುವವರಿಲ್ಲ. ಕೆಲವು ಯಂತ್ರಗಳಿಗೆ ಹೆಚ್ಚುವರಿ ಅವಧಿ ಕೊಟ್ಟಿದ್ದರೂ ಅದು ತಾತ್ಕಾಲಿಕ. ಸದಸ್ಯರ ಬ್ಯಾಂಕ್ ಖಾತೆಯ ವಿವರ, ಆಧಾರ್ ಪ್ರತಿ, ಕಂಪನಿಯ ಡಿಜಿಟಲ್ ಸಹಿ ಇವೆಲ್ಲ ಇರುವ ಯಂತ್ರದಲ್ಲಿ ಇದು ಸಣ್ಣ ವಿಷಯವಲ್ಲ.

ವಿಂಡೋಸ್ 11 ಹಾಕಬೇಕೆಂದರೆ ಟಿ.ಪಿ.ಎಂ. 2.0 ಎಂಬ ಭದ್ರತಾ ಭಾಗವೂ, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ಪೀಳಿಗೆಯ ಅಥವಾ ಅದರ ನಂತರದ ಪ್ರೊಸೆಸರೂ ಬೇಕು. ಝಡ್ 440 ಮತ್ತು ಟಿ 5810ರಲ್ಲಿರುವ ಝಿಯಾನ್ ಇ5 ಪ್ರೊಸೆಸರುಗಳು ಮೈಕ್ರೋಸಾಫ್ಟಿನ ಪಟ್ಟಿಯಲ್ಲಿಲ್ಲ. ಅಂಗಡಿಯವರು ತಪಾಸಣೆಯನ್ನು ತಪ್ಪಿಸಿ ವಿಂಡೋಸ್ 11 ಹಾಕಿ ತೋರಿಸುತ್ತಾರೆ, ಅದು ಓಡುತ್ತದೆ ಕೂಡ. ಆದರೆ ಹಾಗೆ ಹಾಕಿದ್ದಕ್ಕೆ ಮುಂದೆ ತಿದ್ದುಪಡಿಗಳು ಬರುತ್ತವೆಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಅಂಗಡಿಯವರ ಭರವಸೆಯಿಂದ ಪ್ರಯೋಜನವಿಲ್ಲ.

ಆದ್ದರಿಂದ ಬಳಸಿದ ವರ್ಕ್‌ಸ್ಟೇಷನ್ನೇ ಬೇಕೆನ್ನುವವರು 2018ರ ಮಾದರಿಗಳಿಂದ ಈಚಿನವನ್ನು ಹುಡುಕಬೇಕು. ಎಚ್.ಪಿ. ಝಡ್ 2 ಜಿ 4, ಡೆಲ್ ಪ್ರಿಸಿಷನ್ 3630, ಲೆನೋವೋ ಥಿಂಕ್‌ಸ್ಟೇಷನ್ ಪಿ 330, ಇವು ಆ ವರ್ಷದವು. 8ನೇ ಹಾಗೂ 9ನೇ ಪೀಳಿಗೆಯ ಪ್ರೊಸೆಸರುಗಳೊಂದಿಗೆ ಬಂದವು. ಬೆಲೆ ಸ್ವಲ್ಪ ಹೆಚ್ಚಾದರೂ ಆ ಹೆಚ್ಚಿನ ಹಣ ವ್ಯರ್ಥವಲ್ಲ.

ಲಿನಕ್ಸ್ ಹಾಕಿಕೊಂಡರೆ ಹಳೆಯ ಯಂತ್ರವೂ ಸುರಕ್ಷಿತವಾಗಿ ಓಡುತ್ತದೆ, ಖರ್ಚೂ ಇಲ್ಲ. ಕನ್ನಡವನ್ನು ಯೂನಿಕೋಡಿನಲ್ಲಿ ಟೈಪು ಮಾಡಬಹುದು. ನಕ್ಷೆಯ ಕೆಲಸಕ್ಕೆ ಬೇಕಾದ ಕ್ಯುಜಿಐಎಸ್ ಕೂಡ ಅದರಲ್ಲಿ ಉಚಿತ. ಡ್ರೋನ್ ಕೆಲಸದವರಿಗೆ ಇದು ಒಳ್ಳೆಯ ದಾರಿ. ಕಂಪನಿಯ ಲೆಕ್ಕದವರಿಗೆ ಅಷ್ಟು ಒಗ್ಗುವುದಿಲ್ಲ. ಟ್ಯಾಲಿ ವಿಂಡೋಸಿಗಾಗಿ ಮಾಡಿದ್ದು. ‘ನುಡಿ’ಯಲ್ಲಿ ಕೈ ಕುದುರಿದ ಗುಮಾಸ್ತರು, ಡಿಜಿಟಲ್ ಸಹಿಯ ಟೋಕನ್ ಬಳಸುವ ಲೆಕ್ಕಪರಿಶೋಧಕರು ವಿಂಡೋಸನ್ನೇ ಕೇಳುತ್ತಾರೆ.

ವಿದ್ಯುತ್ತಿನ ಲೆಕ್ಕ

ವರ್ಕ್‌ಸ್ಟೇಷನ್ನಿನ ಬೆನ್ನಿನಲ್ಲಿ 700 ವ್ಯಾಟ್ ಎಂದು ಬರೆದದ್ದನ್ನು ಕಂಡು ಕೆಲವರು ಹೆದರುತ್ತಾರೆ. ಅದು ಟ್ರ್ಯಾಕ್ಟರಿನ ಅಶ್ವಶಕ್ತಿಯಂತೆ ಗರಿಷ್ಠ ಸಾಮರ್ಥ್ಯ, ದಿನದ ಬಳಕೆಯಲ್ಲ. ಲೆಕ್ಕ ಬರೆಯುವಂಥ ಹಗುರ ಕೆಲಸದಲ್ಲಿ ಪರದೆಯೂ ಸೇರಿ ಸುಮಾರು 100 ವ್ಯಾಟ್ ಎಂದು ಹಿಡಿಯಿರಿ. ಅದೇ ಕೆಲಸಕ್ಕೆ ಆಲ್-ಇನ್-ಒನ್ ಸುಮಾರು 35 ವ್ಯಾಟ್ ಎಳೆಯುತ್ತದೆ. ದಿನಕ್ಕೆ 8 ಗಂಟೆ, ತಿಂಗಳಿಗೆ 25 ದಿನ ಎಂದರೆ ಮೊದಲನೆಯದಕ್ಕೆ 20 ಯೂನಿಟ್, ಎರಡನೆಯದಕ್ಕೆ 7 ಯೂನಿಟ್. ವರ್ಷಕ್ಕೆ 156 ಯೂನಿಟ್‌ಗಳ ವ್ಯತ್ಯಾಸ. ಯೂನಿಟ್ಟಿಗೆ 8 ರೂಪಾಯಿ ಎಂದಿಟ್ಟುಕೊಂಡರೆ 1248 ರೂಪಾಯಿ. ನಾಲ್ಕು ವರ್ಷಕ್ಕೆ ಹತ್ತಿರ ಹತ್ತಿರ 5000. ನಿಮ್ಮ ಹೆಸ್ಕಾಂ ಬಿಲ್ಲಿನಲ್ಲಿರುವ ದರ ಹಾಕಿ ನೀವೇ ಗುಣಿಸಿ ನೋಡಬಹುದು. ದೊಡ್ಡ ಮೊತ್ತವೇನಲ್ಲ, ಆದರೆ ಅಗ್ಗವೆಂದು ಕೊಂಡದ್ದರ ಬೆಲೆಗೆ ಇದನ್ನು ಕೂಡಿಸಿಕೊಳ್ಳಬೇಕು.

ಬಿಲ್ಲಿಗಿಂತ ಹೆಚ್ಚಿನ ಪ್ರಶ್ನೆ ಕರೆಂಟು ಹೋದಾಗಿನದು. ಹಳ್ಳಿಯ ಕಚೇರಿಯಲ್ಲಿ ಸಾಮಾನ್ಯವಾಗಿ ಇಡುವ 600 ವಿ.ಎ. ಯು.ಪಿ.ಎಸ್. ಸುಮಾರು 360 ವ್ಯಾಟ್ ಹೊರುತ್ತದೆ, ಅದರೊಳಗಿನ ಸಣ್ಣ ಬ್ಯಾಟರಿ 12 ವೋಲ್ಟಿನ 7 ಆಂಪಿಯರ್-ಗಂಟೆಯದು. ಅದು ಹೊಸದಿದ್ದಾಗ ದೊಡ್ಡ ಪೆಟ್ಟಿಗೆಯನ್ನು ಹತ್ತು ಹದಿನೈದು ನಿಮಿಷ, ಆಲ್-ಇನ್-ಒನ್ ಅನ್ನು ಅರ್ಧ ಗಂಟೆಯವರೆಗೆ ನಡೆಸೀತು. ವರ್ಕ್‌ಸ್ಟೇಷನ್ ಭಾರದ ಕೆಲಸದಲ್ಲಿದ್ದಾಗ 200-300 ವ್ಯಾಟ್ ಎಳೆಯುವುದರಿಂದ ಅಗ್ಗದ ಯು.ಪಿ.ಎಸ್. ಕರೆಂಟು ಹೋದೊಡನೆ ತಾನೂ ಮಲಗಿಬಿಡಬಹುದು. ಅದಕ್ಕೆ 1 ಕೆ.ವಿ.ಎ.ಗೆ ಕಡಿಮೆಯಿಲ್ಲದ, ಶುದ್ಧ ಸೈನ್ ಅಲೆ ಕೊಡುವ ಯು.ಪಿ.ಎಸ್. ಬೇಕು, ಅದರ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಮನೆಯಲ್ಲಿ 150 ಆಂಪಿಯರ್-ಗಂಟೆಯ ಇನ್ವರ್ಟರ್ ಬ್ಯಾಟರಿ ಇದ್ದವರು, ಅದರ 1800 ವ್ಯಾಟ್-ಗಂಟೆಯಲ್ಲಿ ಅರ್ಧದಷ್ಟೇ ದಕ್ಕುತ್ತದೆಂದು ಹಿಡಿದರೂ, ವರ್ಕ್‌ಸ್ಟೇಷನ್ನಿಗೆ 9 ಗಂಟೆ, ಆಲ್-ಇನ್-ಒನ್‌ಗೆ 25 ಗಂಟೆ. ಫ್ಯಾನು, ದೀಪ ಉರಿಸಿದರೆ ಇದು ಇಳಿಯುತ್ತದೆ.

ಒಂದು ಮಾತು ಪಕ್ಕದಲ್ಲಿ ಹೇಳಬೇಕು. ಲೇಸರ್ ಪ್ರಿಂಟರನ್ನು ಸಣ್ಣ ಯು.ಪಿ.ಎಸ್.ಗೆ ಜೋಡಿಸಬಾರದು. ಅದು ಕಾಯುವಾಗ ಒಮ್ಮೆಲೇ ಬಹಳ ವಿದ್ಯುತ್ ಎಳೆಯುತ್ತದೆ. ಯು.ಪಿ.ಎಸ್. ಪದೇ ಪದೇ ಕೆಡುತ್ತದೆಂದು ಹೇಳುವವರ ಮೇಜಿನ ಕೆಳಗೆ ಬಗ್ಗಿ ನೋಡಿದರೆ ಅನೇಕ ವೇಳೆ ಈ ಪ್ರಿಂಟರಿನ ತಂತಿಯೇ ಕಾಣುತ್ತದೆ.

ಬ್ಯಾಡಗಿಯಲ್ಲಿ ಕೊಳ್ಳುವವರಿಗೆ

ಬ್ಯಾಡಗಿ ಮಾರುಕಟ್ಟೆಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿಯ ಟೆಂಡರ್ ನಡೆಯುತ್ತದೆ. ಕಡ್ಡಿ, ಡಬ್ಬಿ, ಗುಂಟೂರು ಎಂದು ಬೇರೆ ಬೇರೆ ಲಾಟ್ ಹಾಕಿ, ಲಾಟ್ ಸಂಖ್ಯೆಗೆ ಎದುರಾಗಿ ಖರೀದಿದಾರರು ದರ ನಮೂದಿಸುತ್ತಾರೆ. ಹಂಗಾಮಿನಲ್ಲಿ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದಲೂ ಚೀಲಗಳು ಬಂದು ಬೀಳುತ್ತವೆ. ಅಂಥ ದಿನ ದಲಾಲಿ ಅಂಗಡಿಯಲ್ಲಾಗಲಿ, ರೈತ ಕಂಪನಿಯ ಕಚೇರಿಯಲ್ಲಾಗಲಿ ಯಂತ್ರ ಎರಡು ತಾಸು ನಿಂತರೆ ತೂಕದ ಪಟ್ಟಿ, ಬಿಲ್ಲು, ಹಣ ಪಾವತಿ ಎಲ್ಲ ಹಿಂದೆ ಬೀಳುತ್ತವೆ. ದೂರದಿಂದ ಬಂದ ರೈತ ರಾತ್ರಿ ಅಲ್ಲಿಯೇ ಕಳೆಯಬೇಕಾದೀತು.

ಇಲ್ಲಿಯ ಇನ್ನೊಂದು ಶತ್ರು ಧೂಳು. ಮೆಣಸಿನಕಾಯಿ ಸುರಿದು ತುಂಬುವ ಕಡೆ ಏಳುವ ಕೆಂಪು ಧೂಳಿನಲ್ಲಿ ಜಿಡ್ಡಿನ ಅಂಶವಿರುವುದರಿಂದ ಅದು ಬರೀ ಮಣ್ಣಿನ ಧೂಳಿನಂತೆ ಉದುರಿಹೋಗದೆ ಅಂಟಿಕೊಳ್ಳುತ್ತದೆ. ಪ್ರೊಸೆಸರಿನ ಮೇಲಿನ ಲೋಹದ ರೆಕ್ಕೆಗಳ ನಡುವೆ ಅದು ಕಟ್ಟಿಕೊಂಡರೆ ಶಾಖ ಹೊರಹೋಗದು. ಬಿಸಿಯಾದ ಪ್ರೊಸೆಸರ್ ತನ್ನ ರಕ್ಷಣೆಗಾಗಿ ತಾನೇ ನಿಧಾನವಾಗುತ್ತದೆ. ಹೊಸ ಯಂತ್ರ ಆರು ತಿಂಗಳಲ್ಲಿ ಮಂದವಾಯಿತು ಎಂಬುದರ ಹಿಂದೆ ಈ ಕಾರಣವಿರಬಹುದು.

ಧೂಳಿನ ವಿಷಯದಲ್ಲಿ ವರ್ಕ್‌ಸ್ಟೇಷನ್ನಿಗೆ ಒಂದು ಅನುಕೂಲವಿದೆ. ಪಕ್ಕದ ತಗಡನ್ನು ಕೈಯಿಂದಲೇ ಬಿಚ್ಚಿ, ತಂತಿ ಕಳಚಿಟ್ಟು, ಊದುವ ಯಂತ್ರದಿಂದ ತಿಂಗಳಿಗೊಮ್ಮೆ ಶುಚಿ ಮಾಡಬಹುದು. ಊದುವಾಗ ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು. ಆಲ್-ಇನ್-ಒನ್ ಬಿಚ್ಚುವುದು ಕಷ್ಟ. ಅನೇಕ ಮಾದರಿಗಳಲ್ಲಿ ಪರದೆಯ ಅಂಚನ್ನು ಮೀಟಿ ತೆಗೆಯಬೇಕು; ಅಭ್ಯಾಸವಿಲ್ಲದವರು ಮಾಡಿದರೆ ಪರದೆಯೇ ಒಡೆದೀತು. ಆದ್ದರಿಂದ ಬ್ಯಾಡಗಿಯಲ್ಲಿ ಆಲ್-ಇನ್-ಒನ್ ಇಡುವವರು ಅದನ್ನು ಚೀಲ ಸುರಿಯುವ ಕಟ್ಟೆಯ ಬದಿಯಲ್ಲಿ ಇಡದೆ ಒಳಕೋಣೆಯಲ್ಲಿ, ಗೋಡೆಗೆ ತಾಗದಂತೆ ಇಡತಕ್ಕದ್ದು. ಕೆಲಸವಿಲ್ಲದಾಗ, ಅದೂ ಯಂತ್ರ ಪೂರ್ತಿ ಆರಿದ ಮೇಲೆ, ಬಟ್ಟೆ ಹೊದಿಸಬೇಕು. ಚಾಲೂ ಇರುವಾಗ ಹೊದಿಸಿದರೆ ಧೂಳಿಗಿಂತ ಹೆಚ್ಚಿನ ಹಾನಿಯಾಗುತ್ತದೆ.

ರಿಪೇರಿಯ ಮಾತು ಬಂದಾಗ ‘ಬಿಡಿ ಭಾಗ ಬದಲಿಸಬಹುದು’ ಎಂದು ವರ್ಕ್‌ಸ್ಟೇಷನ್ನನ್ನು ಹೊಗಳುವುದುಂಟು. ಇದು ಅರ್ಧ ನಿಜ. ಡಿಸ್ಕು, ಪರದೆ, ಗ್ರಾಫಿಕ್ಸ್ ಕಾರ್ಡ್ ಎಲ್ಲಿಯಾದರೂ ಸಿಗುತ್ತವೆ. ಆದರೆ ಇಂಥ ಯಂತ್ರಗಳ ಪವರ್ ಸಪ್ಲೈ ಮತ್ತು ಮದರ್‌ಬೋರ್ಡ್ ಆಯಾ ಕಂಪನಿಯ ತಮ್ಮದೇ ಅಳತೆಯವು. ಪವರ್ ಸಪ್ಲೈ ಸುಟ್ಟರೆ ಹಾವೇರಿಯ ಅಂಗಡಿಯಲ್ಲಿ ಸಿಗುವ ಸಾಧಾರಣ ಪವರ್ ಸಪ್ಲೈ ಅದರಲ್ಲಿ ಕೂಡುವುದಿಲ್ಲ. ಬೆಂಗಳೂರಿನಿಂದ ಹಳೆಯದನ್ನೇ ತರಿಸಬೇಕು. ಹೊಸ ಆಲ್-ಇನ್-ಒನ್‌ಗೆ ಕಂಪನಿಯ ಗ್ಯಾರಂಟಿ ಇರುತ್ತದೆ, ಸರಿಯೇ. ಆ ಗ್ಯಾರಂಟಿ ಒಂದು ವರ್ಷದ್ದೋ ಮೂರು ವರ್ಷದ್ದೋ, ರಿಪೇರಿಯವರು ನಿಮ್ಮ ಊರಿಗೇ ಬರುತ್ತಾರೋ ಅಥವಾ ನೀವೇ ಹುಬ್ಬಳ್ಳಿಗೋ ದಾವಣಗೆರೆಗೋ ಹೊತ್ತೊಯ್ಯಬೇಕೋ ಎಂಬುದನ್ನು ಬಾಯಿಮಾತಿನಲ್ಲಿ ಬಿಡದೆ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಗ್ಯಾರಂಟಿ ಮುಗಿದ ಮೇಲೆ ಪರದೆ ಹೋದರೆ ಇಡೀ ಯಂತ್ರವೇ ಮೂಲೆಗೆ ಬಿದ್ದಂತೆ.

ರಾಣೆಬೆನ್ನೂರಿನ ಬೀಜೋತ್ಪಾದಕರು

ರಾಣೆಬೆನ್ನೂರು ತಾಲೂಕಿನಲ್ಲಿ ಹೈಬ್ರಿಡ್ ತರಕಾರಿ ಮತ್ತು ಹತ್ತಿ ಬೀಜೋತ್ಪಾದನೆ ಎಷ್ಟೋ ಕುಟುಂಬಗಳ ಜೀವನಾಧಾರ. ಈ ಕೆಲಸದಲ್ಲಿ ಬೆಳೆಗಾರನ ಹಣ ಕಟಾವಿನ ದಿನ ಕೈಗೆ ಬರುವುದಿಲ್ಲ. ಮೊಳಕೆ ಪರೀಕ್ಷೆ, ಆಮೇಲೆ ಬೀಜವನ್ನು ಮತ್ತೆ ಬಿತ್ತಿ ನೋಡುವ ತಳಿ ಶುದ್ಧತೆಯ ಪರೀಕ್ಷೆ, ಇವು ಮುಗಿಯಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಯಾವ ಲಾಟು ಯಾರದು, ಗಂಡು ಹೆಣ್ಣು ತಳಿಯ ಬೀಜ ಎಂದು ಕೊಟ್ಟದ್ದು, ಪರಾಗಸ್ಪರ್ಶ ಎಂದು ಆರಂಭವಾಯಿತು, ಎಷ್ಟು ಕಿಲೋ ತೂಗಿತು, ಮುಂಗಡ ಎಷ್ಟು ಎಂಬ ದಾಖಲೆಯೇ ಅವನ ಆಧಾರ. ಲಾಟು ತಿರಸ್ಕೃತವಾಯಿತೆಂಬ ಮಾತು ಬಂದಾಗ ಗುಂಪಿನ ಬಳಿ ತನ್ನದೇ ದಾಖಲೆ ಇರಬೇಕು; ಕೊಳ್ಳುವ ಕಂಪನಿಯ ದಾಖಲೆಯೊಂದನ್ನೇ ನಂಬಿ ಮಾತನಾಡುವ ಸ್ಥಿತಿ ಬರಬಾರದು.

ಈ ದಾಖಲೆಗೆ ಬೇಕಾದದ್ದು ಒಂದು ಸಾಧಾರಣ ಲೆಕ್ಕದ ಹಾಳೆ. ಹೊಸ ಐ3 ಯಂತ್ರ ಇದಕ್ಕೆ ಧಾರಾಳ ಸಾಕು. ಇ.ಸಿ.ಸಿ. ರ‍್ಯಾಮ್ ಇದ್ದರೆ ದಾಖಲೆ ಹೆಚ್ಚು ಭದ್ರವಲ್ಲವೇ ಎಂದು ಕೇಳಬಹುದು. ಸ್ವಲ್ಪ ಮಟ್ಟಿಗೆ ಹೌದು. ಆದರೆ ದಾಖಲೆ ಕಳೆಯುವುದು ಹೆಚ್ಚಾಗಿ ಡಿಸ್ಕು ಕೆಟ್ಟಾಗ, ವೈರಸ್ ಹೊಕ್ಕಾಗ, ಕೈತಪ್ಪಿ ಅಳಿಸಿದಾಗ. ಇವುಗಳಿಗೆ ಇ.ಸಿ.ಸಿ. ಮದ್ದಲ್ಲ. ವರ್ಕ್‌ಸ್ಟೇಷನ್ನಿನ ಬದಲು ಉಳಿದ ಹಣದಲ್ಲಿ ಎರಡು ಹೊರಗಿನ ಡಿಸ್ಕು ಕೊಂಡರೆ ಹೆಚ್ಚು ಪ್ರಯೋಜನ. ಪ್ರತಿ ವಾರ ನಕಲು ತೆಗೆದು, ಒಂದು ಡಿಸ್ಕನ್ನು ಕಚೇರಿಯಲ್ಲಿ, ಇನ್ನೊಂದನ್ನು ಬೇರೆ ಸದಸ್ಯರ ಮನೆಯಲ್ಲಿ ಇಡಬೇಕು. ‘ಬೇರೆ ಮನೆ’ ಎಂಬುದನ್ನು ಒತ್ತಿ ಹೇಳುತ್ತೇವೆ. 2024ರ ಮಾರ್ಚ್ 11ರಂದು ದರ ಕುಸಿದು ಬ್ಯಾಡಗಿಯಲ್ಲಿ ಗಲಭೆಯಾದಾಗ ಮಾರುಕಟ್ಟೆ ಸಮಿತಿಯ ಕಚೇರಿಗೆ ಹಾನಿಯಾಯಿತು, ವಾಹನಗಳಿಗೆ ಬೆಂಕಿ ಬಿತ್ತು. ಒಂದೇ ಛಾವಣಿಯ ಕೆಳಗಿಟ್ಟ ಎರಡು ನಕಲು ಒಂದು ನಕಲಿನಷ್ಟೇ.

ಬಳಸಿದ ಯಂತ್ರದ ಹಲ್ಲು ನೋಡುವುದು

ಅಂಗಡಿಯಲ್ಲಿ ಯಂತ್ರವನ್ನು ಐದು ನಿಮಿಷ ಚಾಲೂ ಮಾಡಿ ತೋರಿಸಿದರೆ ಒಪ್ಪಿಕೊಳ್ಳಬೇಡಿ. ಮೊದಲು ಅದು ಸಂಪೂರ್ಣ ಆರಿ ತಣ್ಣಗಿರುವಾಗಲೇ ಹೋಗಿ, ನಿಮ್ಮ ಕಣ್ಣೆದುರು ಚಾಲೂ ಮಾಡಿಸಿ. ಡಿಸ್ಕು ಎಷ್ಟು ಗಂಟೆ ಓಡಿದೆ ಎಂಬುದನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ತೋರಿಸುತ್ತದೆ. ಹಗಲು ರಾತ್ರಿ ಓಡಿದರೆ ವರ್ಷಕ್ಕೆ 8760 ಗಂಟೆ. ಅದರಿಂದ ಭಾಗಿಸಿದರೆ ಡಿಸ್ಕಿನ ದುಡಿಮೆ ಗೊತ್ತಾಗುತ್ತದೆ. ಎಷ್ಟೇ ಇರಲಿ, ದಾಖಲೆ ಇಡುವ ಡಿಸ್ಕನ್ನು ಹೊಸದಾಗಿ ಹಾಕಿಸುವುದೇ ಒಳ್ಳೆಯದು. ರ‍್ಯಾಮ್ ಪರೀಕ್ಷಿಸಲು ಮೆಮ್‌ಟೆಸ್ಟ್86 ಅನ್ನು ಒಂದು ರಾತ್ರಿ ಓಡಿಸಬೇಕು. ಇದಕ್ಕೆ ಒಪ್ಪದ ವ್ಯಾಪಾರಿಯಲ್ಲಿ ಕೊಳ್ಳದಿರುವುದೇ ಲೇಸು.

ಹಿಂದಿನ ಕಂಪನಿ ಹಾಕಿದ ಬಯೋಸ್ ಗುಪ್ತಪದ ಇನ್ನೂ ಇದೆಯೇ ಎಂದು ನೋಡಿ. ಇದ್ದರೆ ನಾಳೆ ಯಾವ ಬದಲಾವಣೆಯನ್ನೂ ನೀವು ಮಾಡಲಾರಿರಿ. ಝಿಯಾನ್ ಇ5 ಯಂತ್ರಗಳಲ್ಲಿ ಪರದೆಗೆ ಚಿತ್ರ ಕಳಿಸಲು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರಲೇಬೇಕು. ಅದು ಹೇಳಿದ ಬೆಲೆಯಲ್ಲಿ ಸೇರಿದೆಯೇ, ಪರದೆ ಕೀಲಿಮಣೆ ಸೇರಿವೆಯೇ ಎಂದು ಕೇಳಿ. ಬಿಲ್ಲಿನಲ್ಲಿ ಯಂತ್ರದ ಕ್ರಮಸಂಖ್ಯೆ ಬರೆಸಿ. ಕೇಂದ್ರ ಸರಕಾರದ 2020ರ ಹತ್ತು ಸಾವಿರ ಎಫ್.ಪಿ.ಒ. ಯೋಜನೆಯಲ್ಲಿ ಆಡಳಿತ ವೆಚ್ಚಕ್ಕೆಂದು ಮೂರು ವರ್ಷಗಳಲ್ಲಿ ಗರಿಷ್ಠ 18 ಲಕ್ಷ ರೂಪಾಯಿ ನೆರವು ಪಡೆದ ಕಂಪನಿಗಳಿಗಂತೂ ಬಿಲ್ಲಿಲ್ಲದ ಖರೀದಿ ಲೆಕ್ಕಪರಿಶೋಧನೆಯಲ್ಲಿ ತೊಂದರೆ ತರುತ್ತದೆ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳವರು ಬೇರೆ ಒಂದು ಮಾತು ಗಮನಿಸಬೇಕು: 2022ರಲ್ಲಿ ಮಂಜೂರಾದ ಗಣಕೀಕರಣ ಯೋಜನೆಯಲ್ಲಿ ಯಂತ್ರವೂ ಸೇರಿದೆ. ನಿಮ್ಮ ಸಂಘ ಅದರಲ್ಲಿದ್ದರೆ ಸ್ವಂತ ಹಣದಿಂದ ಕೊಳ್ಳುವ ಮುನ್ನ ಜಿಲ್ಲಾ ಸಹಕಾರ ಇಲಾಖೆಯಲ್ಲಿ ವಿಚಾರಿಸಿ.

ಎರಡೂ ಮನಸ್ಸಿಗೆ ಬಾರದವರಿಗೆ ಮೂರನೆಯ ದಾರಿಯೂ ಉಂಟು. ವಿಂಡೋಸ್ 11ಕ್ಕೆ ಅರ್ಹವಾದ ಸಾಧಾರಣ ಸಣ್ಣ ಪೆಟ್ಟಿಗೆಯ ಗಣಕಯಂತ್ರ, ಅದಕ್ಕೆ ಬೇರೆಯಾಗಿ ಒಂದು ಪರದೆ. ವಿದ್ಯುತ್ ಖರ್ಚು ಆಲ್-ಇನ್-ಒನ್‌ನಷ್ಟೇ, ಪರದೆ ಕೆಟ್ಟರೆ ಪರದೆಯನ್ನಷ್ಟೇ ಬದಲಿಸಬಹುದು. ಸಂಘ ಸಂಸ್ಥೆಗಳ ಕಚೇರಿಗೆ ನಾವು ಇದನ್ನೇ ಹೆಚ್ಚಾಗಿ ಸೂಚಿಸುತ್ತೇವೆ, ಅಂಗಡಿಯವರು ಇದನ್ನು ಮುಂದೆ ಮಾಡಿ ತೋರಿಸುವುದು ಕಡಿಮೆ.

ಖರೀದಿಗೆ ದೀಪಾವಳಿಯ ಆಸುಪಾಸು ಸರಿಯಾದ ಕಾಲ. ಮೆಣಸಿನಕಾಯಿಯ ಆವಕ ಡಿಸೆಂಬರಿನಿಂದ ಏರತೊಡಗುತ್ತದೆ. ಅದಕ್ಕೆ ಮೊದಲು ಒಂದು ತಿಂಗಳು ಹಳೆಯ ಪದ್ಧತಿಯ ಪುಸ್ತಕದ ಲೆಕ್ಕವನ್ನೂ ಯಂತ್ರದ ಲೆಕ್ಕವನ್ನೂ ಜೊತೆಯಾಗಿ ಬರೆದು, ಪ್ರತಿ ಶನಿವಾರ ಎರಡನ್ನೂ ತಾಳೆ ನೋಡಿ. ಎರಡೂ ಸತತ ನಾಲ್ಕು ವಾರ ಕೂಡಿಬಂದ ಮೇಲೆ ಪುಸ್ತಕ ನಿಲ್ಲಿಸಬಹುದು.